ಸೆನ್ಸರ್ ನಿಧಾನ, ಸೆಲ್ ಅವಸರ: ಬ್ಯಾಟರಿಯ ನಿಜವಾದ ಬಿಸಿ ಲೆಕ್ಕ ಹಾಕುವುದು ಹೇಗೆ

ಎರಡು ವರ್ಷದ ಹಿಂದೆ ನಮ್ಮ ಎಲೆಕ್ಟ್ರಿಕ್ ಟೆಸ್ಟ್ ಸ್ಕೂಟರನ್ನು ನಂದಿ ಬೆಟ್ಟ ಹತ್ತಿಸಿದ್ದೆವು. ಸಂಜೆ ಪೀಣ್ಯದ ವರ್ಕ್‌ಶಾಪಿಗೆ ಬಂದು ಲಾಗ್ ತೆಗೆದು ನೋಡಿದರೆ, ಒಂದೇ ಸೆಲ್‌ಗೆ ಎರಡು ಅಂಕಿ. ಬ್ಯಾಟರಿ ಪ್ಯಾಕಿನಲ್ಲಿದ್ದ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೆಸಿಸ್ಟನ್ಸ್ ಬದಲಾಗುವ ಸೆನ್ಸರ್) 44 ಡಿಗ್ರಿ ಅನ್ನುತ್ತಿತ್ತು. ಪರೀಕ್ಷೆಗೆಂದು ಅದೇ ಸೆಲ್‌ಗೆ ನಾನು ಅಂಟಿಸಿದ್ದ ಕೂದಲೆಳೆಯಂಥ ಥರ್ಮೋಕಪಲ್ (ಎರಡು ಲೋಹದ ತಂತಿ ಬೆಸೆದು ಮಾಡಿದ ಸೆನ್ಸರ್) 48 ಅನ್ನುತ್ತಿತ್ತು. ಎರಡೂ ಕೆಟ್ಟಿರಲಿಲ್ಲ. ಥರ್ಮಿಸ್ಟರ್ ಹೇಳುತ್ತಿದ್ದದ್ದು ಸುಮಾರು 80 ಸೆಕೆಂಡ್ ಹಿಂದಿನ ಸುದ್ದಿ.

55 ಡಿಗ್ರಿಗೆ ಪವರ್ ಇಳಿಸು ಅಂತ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಸಾಫ್ಟ್‌ವೇರಿನಲ್ಲಿ ಬರೆದಿದ್ದು ನಾನೇ. ಅಂದರೆ ಅದು ಇಳಿಸುವ ಹೊತ್ತಿಗೆ ಸೆಲ್ 59 ಮುಟ್ಟಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ಸೀಟಿನ ಕೆಳಗೆ 140 ಸೆಲ್ ಇರುತ್ತವೆ, ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನೆ. ಆವತ್ತಿನಿಂದ ನಾನು ಸೆನ್ಸರ್ ರೀಡಿಂಗನ್ನು ಹಾಗೇ ನಂಬುವುದನ್ನು ಬಿಟ್ಟೆ.

ಜ್ವರ ನೋಡುವ ಹಳೇ ಪಾದರಸದ ಥರ್ಮಾಮೀಟರ್ ನೆನಪಿದೆ ಅಲ್ವಾ? ಕಂಕುಳಲ್ಲಿ ಇಟ್ಟ ಮೇಲೆ ಪಾದರಸ ಮೆಲ್ಲಗೆ ಏರುತ್ತದೆ. ಮೈಬಿಸಿ ಮೊದಲೇ ಇತ್ತು, ಏರುತ್ತಿರುವುದು ಥರ್ಮಾಮೀಟರ್ ಮಾತ್ರ. ಆದರೆ ಪಾದರಸ ಸರಸರ ಏರಿದರೆ, ಅದು ನಿಲ್ಲುವ ಮೊದಲೇ ಜ್ವರ ಜಾಸ್ತಿ ಇದೆ ಅಂತ ಅಮ್ಮನಿಗೆ ಗೊತ್ತಾಗುತ್ತಿತ್ತು. ನಮಗೆ ಬೇಕಾದ ಗುಟ್ಟು ಇಷ್ಟೇ: ರೀಡಿಂಗ್ ಎಷ್ಟಿದೆ ಅನ್ನುವುದರ ಜೊತೆಗೆ ಎಷ್ಟು ಬೇಗ ಏರುತ್ತಿದೆ ಅಂತಲೂ ನೋಡಬೇಕು.

ಮೊದಲ ಕೆಲಸ, ನಿಮ್ಮ ಸೆನ್ಸರ್ ಎಷ್ಟು ತಡ ಮಾಡುತ್ತದೆ ಅಂತ ಅಳೆಯುವುದು. ಇದನ್ನು ಟೈಮ್ ಕಾನ್‌ಸ್ಟಂಟ್ ಅನ್ನುತ್ತಾರೆ, ನಾನು ‘ತಡ’ ಅಂತಲೇ ಕರೆಯುತ್ತೇನೆ. ಸೆಲ್‌ನ ಬಿಸಿ ತಟ್ಟನೆ ಬದಲಾದರೆ, ಒಂದು ತಡದಷ್ಟು ಹೊತ್ತಿನಲ್ಲಿ ಸೆನ್ಸರ್ ಆ ಬದಲಾವಣೆಯ 100ಕ್ಕೆ 63 ಪಾಲು ತೋರಿಸುತ್ತದೆ, ಮೂರು ತಡ ಕಳೆದರೆ 100ಕ್ಕೆ 95 ಪಾಲು. ಸೆನ್ಸರ್ ತಯಾರಕರು ಕೊಡುವ ಡೇಟಾಶೀಟಿನ ಅಂಕಿ ಇಲ್ಲಿ ಸಾಲದು. ಅದು ಬರೀ ಥರ್ಮಿಸ್ಟರಿನ ಮಣಿಗೆ ಸೇರಿದ್ದು. ನಿಮ್ಮ ಪ್ಯಾಕಿನಲ್ಲಿ ಆ ಮಣಿಯ ಮೇಲೆ ಸ್ಲೀವ್ ಇದೆ, ಅಂಟು ಇದೆ, ಸೆಲ್‌ಗೆ ಸುತ್ತಿದ ಪಿವಿಸಿ ಹೊದಿಕೆ ಇದೆ. ತಡ ಹುಟ್ಟುವುದು ಈ ಪದರಗಳಲ್ಲಿ. ಅದಕ್ಕೇ ಪ್ಯಾಕಿನಲ್ಲಿ ಕೂತ ಜಾಗದಲ್ಲೇ ಅಳೆಯಬೇಕು.

ಥರ್ಮಿಸ್ಟರ್ ಇರುವ ಸೆಲ್‌ನ ಮೇಲೆಯೇ, ಅದರ ಪಕ್ಕದಲ್ಲಿ, ಹೊದಿಕೆಯನ್ನು ಚೂರು ಬಿಡಿಸಿ ತೆಳು ಕೆ-ಟೈಪ್ ಥರ್ಮೋಕಪಲ್ ಅಂಟಿಸಿ. ಎಚ್ಚರ, ಸೆಲ್‌ನ ಮೈಯೇ ನೆಗೆಟಿವ್. ಕೆಳಗೆ ಒಂದು ಪದರ, ಕರೆಂಟ್ ತಡೆಯುವ ಹಳದಿ ಕ್ಯಾಪ್ಟಾನ್ ಟೇಪ್ ಇಲ್ಲದೆ ಲಾಗರ್‌ಗೆ ಜೋಡಿಸಬೇಡಿ. ಸೆಲ್ಲುಗಳನ್ನು ಜೋಡಿಸುವ ನಿಕಲ್ ಪಟ್ಟಿಯ ಮೇಲಂತೂ ಇಡಲೇಬೇಡಿ, ಕರೆಂಟ್ ಹರಿದಾಗ ಅದು ತಾನೇ ಬಿಸಿಯಾಗಿ ಸುಳ್ಳು ಹೇಳುತ್ತದೆ. ಆಮೇಲೆ ಒಂದೇ ಸಮ ಕರೆಂಟ್ ಎಳೆಯುತ್ತಾ ಎರಡನ್ನೂ ಸೆಕೆಂಡಿಗೊಮ್ಮೆ ದಾಖಲಿಸಿ. ಮೊದಲ ನಾಲ್ಕೈದು ನಿಮಿಷ ಬಿಟ್ಟುಬಿಡಿ. ಎರಡೂ ಗೆರೆ ಒಂದಕ್ಕೊಂದು ಸಮಾನಾಂತರವಾಗಿ ಏರುವ ಕಡೆ ಅಡ್ಡಕ್ಕೆ ಸ್ಕೇಲ್ ಇಡಿ. ಥರ್ಮೋಕಪಲ್ 45 ತೋರಿಸಿದ ಎಷ್ಟು ಸೆಕೆಂಡಿಗೆ ಥರ್ಮಿಸ್ಟರ್ 45 ತೋರಿಸಿತು? ಅದೇ ನಿಮ್ಮ ತಡ.

ಈಗ ಲೆಕ್ಕ:

ಸೆಲ್‌ನ ಬಿಸಿ = ರೀಡಿಂಗ್ + ತಡ × ರೀಡಿಂಗ್ ಏರುವ ವೇಗ

ಬೆಟ್ಟದಲ್ಲಿ ನಮ್ಮದು ನಿಮಿಷಕ್ಕೆ 3 ಡಿಗ್ರಿ, ಅಂದರೆ ಸೆಕೆಂಡಿಗೆ 0.05 ಏರುತ್ತಿತ್ತು. 80 ಸಲ 0.05 ಅಂದರೆ 4. 44ಕ್ಕೆ 4 ಸೇರಿಸಿ, 48 ಬಂತು.

ಕಾಗದದ ಮೇಲೆ ಇದು ಸುಲಭ. ಸರ್ಕ್ಯೂಟಿನಲ್ಲಿ ಕೂರಿಸಿದರೆ ಅಂಕಿ ಕುಣಿಯುತ್ತದೆ. 10 ಕಿಲೋಓಮ್ ಥರ್ಮಿಸ್ಟರ್, ಅಷ್ಟೇ ಬೆಲೆಯ ರೆಸಿಸ್ಟರ್, 12 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್) ಇದ್ದರೆ, 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಕೌಂಟ್, ಅಂದರೆ ಆ ಅಂಕಿಯ ಒಂದು ಮೆಟ್ಟಿಲು, ಸುಮಾರು 0.02 ಡಿಗ್ರಿ. ಪಕ್ಕಪಕ್ಕದ ಎರಡು ಸೆಕೆಂಡಿನ ವ್ಯತ್ಯಾಸ ತೆಗೆದರೆ, ಆ ಒಂದು ಕೌಂಟಿನ ನಡುಕ 80 ಪಟ್ಟಾಗಿ 1.6 ಡಿಗ್ರಿ ಆಗುತ್ತದೆ. ಹತ್ತು ಸೆಕೆಂಡಿನ ಅಂತರದಲ್ಲಿ ವ್ಯತ್ಯಾಸ ತೆಗೆದು ಹತ್ತರಿಂದ ಭಾಗಿಸಿ. ನಡುಕ 0.2ರ ಹತ್ತಿರಕ್ಕೆ ಇಳಿಯುತ್ತದೆ. ಸಣ್ಣ ಬೋರ್ಡಿಗೆ ಇಷ್ಟು ಸಾಕು.

ಇನ್ನೂ ಚೆನ್ನಾಗಿ ಬೇಕೆಂದರೆ ಕರೆಂಟಿನ ಸಹಾಯ ತಗೊಳ್ಳಿ. ಬಿಸಿ ಹುಟ್ಟುವುದೇ ಅಲ್ಲಿಂದ, ಮತ್ತು ಕರೆಂಟಿನ ಅಳತೆಗೆ ತಡವಿಲ್ಲ. ಒಂದು 18650 ಸೆಲ್ (ಸಿಲಿಂಡರ್ ಆಕಾರದ ಲಿಥಿಯಂ ಸೆಲ್‌ನ ಒಂದು ಅಳತೆ) ಸುಮಾರು 45 ಗ್ರಾಂ. ಅದನ್ನು ಒಂದು ಡಿಗ್ರಿ ಏರಿಸಲು ಹೆಚ್ಚುಕಡಿಮೆ 45 ಜೌಲ್ ಬೇಕು. 7 ಆಂಪಿಯರ್ ಹರಿದು, ಒಳಗಿನ ರೆಸಿಸ್ಟನ್ಸ್ 45 ಮಿಲಿಓಮ್ ಇದ್ದರೆ 7 × 7 × 0.045, ಅಂದರೆ 2.2 ವ್ಯಾಟ್ ಬಿಸಿ. 45ರಿಂದ ಭಾಗಿಸಿದರೆ ಸೆಕೆಂಡಿಗೆ 0.05 ಡಿಗ್ರಿ. ಬೆಟ್ಟದ ಲಾಗಿನಲ್ಲಿ ಕಂಡ ವೇಗವೂ ಅದೇ! ಈ ಲೆಕ್ಕ ಮೊದಲ ಸಲ ಕೂಡಿಬಂದಾಗ ನನಗಾದ ಖುಷಿ ಇವತ್ತಿಗೂ ನೆನಪಿದೆ. ಗಾಳಿಗೆ ಹೋಗುವ ಬಿಸಿಯನ್ನು ಇದರಿಂದ ಕಳೆಯಿರಿ.

ಸಾಫ್ಟ್‌ವೇರಿನಲ್ಲಿ ಎರಡು ಅಂಕಿ ಇಟ್ಟುಕೊಳ್ಳಿ: ಊಹಿಸಿದ ಸೆಲ್, ಊಹಿಸಿದ ಸೆನ್ಸರ್. ಸೆಲ್ ಅನ್ನು ಪ್ರತಿ ಸೆಕೆಂಡ್ ಕರೆಂಟಿನ ಲೆಕ್ಕದಿಂದ ಏರಿಸಿ. ಸೆನ್ಸರ್ ಅನ್ನು ಸೆಲ್ ಕಡೆಗೆ, ಅವೆರಡರ ಅಂತರದ 80ನೇ ಒಂದು ಪಾಲು ಸರಿಸಿ. ಈಗ ನಿಜವಾದ ರೀಡಿಂಗನ್ನು ಊಹಿಸಿದ ಸೆನ್ಸರ್ ಜೊತೆ ಹೋಲಿಸಿ, ಬಂದ ವ್ಯತ್ಯಾಸದ 100ಕ್ಕೆ 5 ಪಾಲನ್ನು ಎರಡು ಅಂಕಿಗೂ ಸೇರಿಸಿ.

ಇಲ್ಲೇ ಹೆಚ್ಚಿನವರು ಎಡವುವುದು, ನಾನೂ ಎಡವಿದ್ದೆ. ರೀಡಿಂಗನ್ನು ಊಹಿಸಿದ ಸೆಲ್ ಜೊತೆ ಹೋಲಿಸಿಬಿಡುತ್ತೇವೆ. ಆಗ ಸರಿಯಾಗಿದ್ದ ಊಹೆಯನ್ನು ನಾವೇ ಹಿಡಿದು ಹಳೇ ಸುದ್ದಿಯ ಕಡೆಗೆ ಎಳೆದ ಹಾಗಾಗುತ್ತದೆ. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ನನಗೆ ಇದು ಕಂಡಿತು. ತಡವಾಗಿ ಬರುವ ಸುದ್ದಿಯನ್ನು ತಡವಾಗಿ ಬರುವ ಊಹೆಯ ಜೊತೆಗೇ ತೂಗಬೇಕು.

ಆ ವ್ಯತ್ಯಾಸವನ್ನು ಬಿಸಾಡಬೇಡಿ, ಲಾಗಿನಲ್ಲಿ ಬರೆದಿಡಿ. ಲೋಡ್ ಇದ್ದಾಗಲೆಲ್ಲ ರೀಡಿಂಗ್ ಊಹೆಗಿಂತ ಜಾಸ್ತಿ ಬರುತ್ತಿದ್ದರೆ ಸೆಲ್ ಹಳೆಯದಾಗಿ ರೆಸಿಸ್ಟನ್ಸ್ ಏರಿರಬಹುದು. ಯಾವಾಗಲೂ ಕಡಿಮೆ ಬರುತ್ತಿದ್ದರೆ ಥರ್ಮಿಸ್ಟರಿನ ಅಂಟು ಬಿಟ್ಟಿದೆಯೇ ನೋಡಿ. ಹೀಗೆ ನಮಗೊಂದು ಪ್ಯಾಕ್ ಸಿಕ್ಕಿತು. ಬಿಚ್ಚಿದರೆ ಮಣಿ ಸೆಲ್‌ನಿಂದ ಎದ್ದು ಗಾಳಿಯಲ್ಲಿ ನಿಂತಿತ್ತು. ಬರೀ ರೀಡಿಂಗ್ ನೋಡಿದ್ದರೆ ‘ಪ್ಯಾಕ್ ತಂಪಾಗಿದೆ’ ಅಂದುಕೊಳ್ಳುತ್ತಿದ್ದೆವು.

ಇನ್ನು ಒಂದೆರಡು ಮಾತು ಬೇಗ ಹೇಳಿಬಿಡುತ್ತೇನೆ. ಗಾಡಿ ರಾತ್ರಿಯಿಡೀ ನಿಂತಿದ್ದರೆ ರೀಡಿಂಗನ್ನೇ ಸೆಲ್‌ನ ಬಿಸಿ ಅಂತ ಇಟ್ಟು ಶುರು ಮಾಡಿ. ಟೀ ಕುಡಿಯಲು ನಿಲ್ಲಿಸಿ ಹೊರಟಿದ್ದರೆ ಹಾಗೆ ಮಾಡಬೇಡಿ, ಕೊನೆಯ ಊಹೆಯನ್ನು ಸಮಯದ ಜೊತೆ ಉಳಿಸಿಟ್ಟಿರಿ. ಪವರ್ ಇಳಿಸುವ ಮೇಲಿನ ಮಿತಿಗೆ ಊಹೆ, ರೀಡಿಂಗ್ ಎರಡರಲ್ಲಿ ದೊಡ್ಡದನ್ನು ಹಿಡಿಯಿರಿ. ಸೊನ್ನೆಗಿಂತ ಕೆಳಗೆ ಚಾರ್ಜ್ ತಡೆಯುವ ಮಿತಿಗೆ ಚಿಕ್ಕದನ್ನು ಹಿಡಿಯಿರಿ. ಸೆಲ್‌ನ ಹೊಟ್ಟೆ ಅದರ ಮೈಗಿಂತ ಕೆಲವು ಡಿಗ್ರಿ ಜಾಸ್ತಿ ಬಿಸಿ ಇರುತ್ತದೆ, ಅದಕ್ಕೂ ಜಾಗ ಬಿಡಿ.

ಕೊನೆಗೆ, ಥರ್ಮೋಕಪಲ್ ಇಲ್ಲದೆಯೇ ತಡವನ್ನು ಪರೀಕ್ಷಿಸುವ ದಾರಿ. ಸರ್ವಿಸಿಗೆ ಬಂದ ಪ್ರತಿ ಪ್ಯಾಕಿಗೂ ನಾನು ಇದನ್ನು ಮಾಡುತ್ತೇನೆ. ಜೋರಾಗಿ ಲೋಡ್ ಕೊಟ್ಟು ತಟ್ಟನೆ ನಿಲ್ಲಿಸಿ, ಮೂರು ನಿಮಿಷ ನೋಡಿ. ರೀಡಿಂಗ್ ಇನ್ನೂ ಏರುತ್ತಲೇ ಇರುತ್ತದೆ. ಆದರೆ ಮೇಲಿನ ಒಂದು ಸಾಲಿನ ಲೆಕ್ಕದಿಂದ ಬಂದ ಊಹೆ ಸಮತಟ್ಟಾಗಿ ನಿಲ್ಲಬೇಕು. ಊಹೆಯೂ ಏರುತ್ತಿದ್ದರೆ ನೀವು ಇಟ್ಟ ತಡ ಕಡಿಮೆ, ಹೆಚ್ಚಿಸಿ. ಕರೆಂಟ್ ನಿಂತ ಕೂಡಲೇ ಊಹೆ ಜಾರಿ ಇಳಿದರೆ ತಡ ಜಾಸ್ತಿ, ಇಳಿಸಿ. ಗೆರೆ ಮಟ್ಟಸವಾಗುವವರೆಗೆ ಐದೈದು ಸೆಕೆಂಡ್ ತಿದ್ದುತ್ತಾ ಹೋಗಿ.