ಮ್ಯಾಗ್ನೆಟ್ ಹಿಂದಿನ ಸೀಲು

ಚಿಕ್ಕಪ್ಪ ಕುಮಟೆಗೆ ಹೋಗಿ ನೆಲೆಸುವಾಗ ತನ್ನ ಯಮಹಾ ಆರ್‌ಎಕ್ಸ್ 100 ಬೈಕನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದ. ಅದು ಸೌದೆ ಕೊಟ್ಟಿಗೆಯಲ್ಲಿ ಹನ್ನೊಂದು ಮಳೆಗಾಲ ಕಳೆಯಿತು. ಶಿರಸಿ ಕಡೆಯ ಮಳೆಗಾಲವೆಂದರೆ ಗೋಡೆಗೆ ಒರಗಿಸಿಟ್ಟ ಕತ್ತಿಗೂ ತುಕ್ಕು ಹಿಡಿಯುವ ಕಾಲ. ಅದು ಸಾಲದೆಂಬಂತೆ ಬೈಕಿನ ಪಕ್ಕದಲ್ಲೇ ಅಡಿಕೆಗೆ ಹೊಡೆಯುವ ಕೊಳೆರೋಗದ ಔಷಧಿಯ ಸಾಮಾನು, ಅಂದರೆ ಮೈಲುತುತ್ತಿನ ಚೀಲ, ಸುಣ್ಣ, ಡ್ರಮ್ಮು ಎಲ್ಲವೂ ಇರುತ್ತಿದ್ದವು. ಮೈಲುತುತ್ತು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ ಎಂಬುದು ನನಗೆ ತಿಳಿದದ್ದು ಎಂಜಿನ್ನಿನ ಎಡಗಡೆಯ ಕವರ್ ಮೇಲೆ ಎದ್ದ ಬಿಳಿ ಹುಡಿಯನ್ನು ಉಜ್ಜಿ ತೆಗೆದಾಗ. ಅದರಡಿಯಲ್ಲಿ ಲೋಹ ಹುಳು ತಿಂದ ಮರದ ಹಾಗೆ ಕಾಣುತ್ತಿತ್ತು.

ನಾನು ಅದುವರೆಗೆ ಯಾವ ಎಂಜಿನ್ನನ್ನೂ ಬಿಚ್ಚಿದವನಲ್ಲ. ಕೈಯಲ್ಲಿದ್ದದ್ದು ತೋಟದ ಪಂಪ್‌ಸೆಟ್‌ಗೆಂದು ಇಟ್ಟುಕೊಂಡಿದ್ದ ಪಾನಾಗಳು. ಈ ಬೈಕಿನ ತಯಾರಿಕೆ 1996ರಲ್ಲೇ ನಿಂತಿದ್ದರೂ ಬಿಡಿಭಾಗಗಳು ಇಂದಿಗೂ ಸಿಗುತ್ತವೆ ಎಂಬ ಧೈರ್ಯದ ಮೇಲೆ ಕೈ ಹಾಕಿದೆ.

ಮೊದಲು ಮಾಡಿದ್ದು ಕಿಕ್ ಹೊಡೆಯದೇ ಇರುವುದು. ಇದನ್ನು ಒತ್ತಿ ಹೇಳುತ್ತೇನೆ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿಕೊಂಡಿರಬಹುದು. ಪ್ಲಗ್ ತೆಗೆದು ಆ ತೂತಿನಲ್ಲಿ ಎರಡು ಚಮಚ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಸುರಿದು ಒಂದು ರಾತ್ರಿ ಬಿಟ್ಟೆ. ಮರುದಿನ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಪಿಸ್ಟನ್ ಮೇಲೆ ಬಂದು ಕೆಳಗಿಳಿಯಿತು. ಆ ಕ್ಷಣಕ್ಕೆ ಅರ್ಧ ಗೆದ್ದೆನೆಂದೇ ಅನಿಸಿತು.

ಕಿಡಿಗೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಇದರಲ್ಲಿರುವುದು ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವ ವ್ಯವಸ್ಥೆ, ಹಾಗಾಗಿ ಹಳೆಯ ಬೈಕುಗಳಂತೆ ಪಾಯಿಂಟ್ ಉಜ್ಜುವ ಕೆಲಸವಿಲ್ಲ. ಪ್ಲಗ್ ಕ್ಯಾಪ್ ಬದಲಿಸಿ, ಹೊಸ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದಾಗ ನೀಲಿ ಕಿಡಿ ಹಾರಿತು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಒಳಗೆ ಹಳೆಯ ಪೆಟ್ರೋಲ್ ಒಣಗಿ ಹಸಿರು ಅಂಟಾಗಿತ್ತು. ಅದರೊಳಗೆ ಪೆಟ್ರೋಲ್ ಹರಿಯುವ ಪುಟ್ಟ ಪೈಲಟ್ ಜೆಟ್ಟಿನ ತೂತು ಬರಿಗಣ್ಣಿಗೆ ಕಾಣದಷ್ಟು ಕಟ್ಟಿಕೊಂಡಿತ್ತು. ಅದಕ್ಕೆ ಸೂಜಿ ಹಾಕಬಾರದು. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಮುಗಿಯಿತು. ವಿದ್ಯುತ್ ತಂತಿಯ ಸಿಪ್ಪೆ ಸುಲಿದು ಒಂದೇ ಒಂದು ತಾಮ್ರದ ಎಳೆ ತೆಗೆದು ಅದರಿಂದ ಬಿಡಿಸಿದೆ.

ಟ್ಯಾಂಕಿನ ತುಕ್ಕಿಗೆ ದಾರಿ ತೋರಿಸಿದವಳು ಆಯಿ. ಹಿತ್ತಾಳೆ ಪಾತ್ರೆಗಳನ್ನು ಅವಳು ಹುಳಿ ಹಾಕಿಯೇ ಬೆಳಗುತ್ತಾಳೆ. ಅಟ್ಟದ ಮೇಲೆ ಉಪ್ಪಾಗೆ ಹಣ್ಣಿನ ಒಣ ಸಿಪ್ಪೆ ಬೇಕಾದಷ್ಟಿತ್ತು. ಅದನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಸೋಸಿ, ಕಪ್ಪು ಹುಳಿನೀರನ್ನು ಟ್ಯಾಂಕಿನ ಬಾಯಿಯವರೆಗೆ ತುಂಬಿ ಎರಡು ರಾತ್ರಿ ಬಿಟ್ಟೆ. ಚೆಲ್ಲಿದಾಗ ನೀರು ಮಸಿಯಂತೆ ಬಂತು. ಬೆರಳು ಹಾಕಿ ನೋಡಿದರೆ ಒಳಗಿನ ತಗಡು ನಯವಾಗಿತ್ತು. ಹುಳಿ ಉಳಿದರೆ ಮತ್ತೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಅಲುಗಾಡಿಸಿದೆ. ಪೆಟ್ರೋಲ್ ನಳಿಗೆ, ಕಾಕ್ ಒಳಗಿನ ವಾಷರ್ ಎಲ್ಲವನ್ನೂ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ.

ಇನ್ನುಳಿದದ್ದು ಆಯಿಲ್ ಪಂಪು. ಈ ಬೈಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾಗಿಲ್ಲ. ಬೇರೆ ಟ್ಯಾಂಕಿನಿಂದ ಒಂದು ಸಣ್ಣ ಪಂಪು ಆಯಿಲನ್ನು ತಾನೇ ಎಂಜಿನ್ನಿಗೆ ಕಳುಹಿಸುತ್ತದೆ. ಆ ಪಂಪಿಗೆ ಆಕ್ಸಿಲರೇಟರಿನಿಂದ ಒಂದು ಕೇಬಲ್ ಹೋಗುತ್ತದೆ. ಕೈ ಹೆಚ್ಚು ತಿರುಗಿಸಿದಷ್ಟೂ ಆಯಿಲ್ ಹೆಚ್ಚು, ಕೈ ಬಿಟ್ಟರೆ ಕಡಿಮೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಪಂಪಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಆಯಿಲ್ ಹರಿಯಲು ಬಿಟ್ಟೆ. ಆದರೂ ಹನ್ನೊಂದು ವರ್ಷ ಸುಮ್ಮನಿದ್ದ ಪಂಪನ್ನು ಮೊದಲ ದಿನವೇ ನಂಬುವ ಮನಸ್ಸಾಗದೆ, ಮೊದಲ ಟ್ಯಾಂಕಿನ ಮಟ್ಟಿಗೆ ಲೀಟರಿಗೆ 25 ಮಿ.ಲೀ. ಆಯಿಲ್ ಪೆಟ್ರೋಲಿಗೇ ಬೆರೆಸಿದೆ.

ಸಂಜೆ ಐದರ ಹೊತ್ತಿಗೆ ಎಂಜಿನ್ ಹೊತ್ತಿಕೊಂಡಿತು. ಕೊಟ್ಟಿಗೆಯ ತುಂಬ ನೀಲಿ ಹೊಗೆ. ಆ ಸದ್ದು ಕೇಳಿ ಆಯಿ ಜಗಲಿಗೆ ಓಡಿ ಬಂದಳು. ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಎರಡು ನಿಮಿಷದಲ್ಲಿ ಸದ್ದು ಬದಲಾಯಿತು. ಕೈ ಬಿಟ್ಟೇ ಇದ್ದೆ. ಎಂಜಿನ್ನಿನ ವೇಗ ತನ್ನಷ್ಟಕ್ಕೆ ಏರತೊಡಗಿತು. ನಿಂತಲ್ಲಿನ ವೇಗ ಹೊಂದಿಸುವ ಸ್ಲೋ ಸ್ಕ್ರೂ ಪೂರ್ತಿ ಇಳಿಸಿದರೂ ಇಳಿಯಲಿಲ್ಲ. ಕೊನೆಗೆ ಕೀ ತೆಗೆದೆ. ಮುಂದಿನ ಮೂರು ದಿನ ಅದೇ ಕಥೆ. ನಾನು ಮತ್ತೆ ಮತ್ತೆ ಬಿಚ್ಚಿದ್ದು ಕಾರ್ಬೊರೇಟರನ್ನೇ. ಫ್ಲೋಟ್, ಸೂಜಿ, ಸ್ಲೈಡ್ ಎಲ್ಲ ಸರಿಯಾಗಿದ್ದವು. ಜೆಟ್ ದೊಡ್ಡದು ಹಾಕು ಎಂದು ಒಬ್ಬರು ಹೇಳಿದರು. ಹಾಕಿದೆ, ಸ್ಟಾರ್ಟ್ ಆಗುವುದೇ ಕಷ್ಟವಾಯಿತು, ಬಿಸಿಯಾದ ಮೇಲೆ ಏರುವುದು ಮಾತ್ರ ತಪ್ಪಲಿಲ್ಲ. ಆ ಜೆಟ್ಟನ್ನು ತೆಗೆದು ಹಳೆಯದನ್ನೇ ಕೂರಿಸಿದೆ.

ಕೊನೆಗೆ ಪ್ಲಗ್ಗನ್ನು ಕಾಗದದಲ್ಲಿ ಸುತ್ತಿಕೊಂಡು ಪೇಟೆಗೆ ಹೋಗಿ ಒಬ್ಬ ಹಿರಿಯ ಮೇಸ್ತ್ರಿಗೆ ತೋರಿಸಿದೆ. ಅದರ ಬಾಯಿ ಸುಣ್ಣ ಹಚ್ಚಿದಂತೆ ಬೆಳ್ಳಗಿತ್ತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದರು: “ತಮ್ಮಾ, ಮ್ಯಾಗ್ನೆಟ್ ಬಿಚ್ಚಿ ನೋಡಿದೆಯಾ?” ಎಂಜಿನ್ನಿನ ಎಡಗಡೆಯ ಕವರ್ ಒಳಗೆ ತಿರುಗುತ್ತಾ ಕಿಡಿಗೆ ವಿದ್ಯುತ್ ಹುಟ್ಟಿಸುವ ಆಯಸ್ಕಾಂತದ ಚಕ್ರವೇ ಮ್ಯಾಗ್ನೆಟ್.

ಟೂ-ಸ್ಟ್ರೋಕ್ ಎಂಜಿನ್ ನನಗೆ ಅರ್ಥವಾದದ್ದು ಆ ದಿನ, ಅವರ ಅಂಗಡಿಯ ಬೆಂಚಿನ ಮೇಲೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಇರುವ ಕೆಳಗಿನ ಕೋಣೆ ಬರೀ ಆಯಿಲಿನ ಮನೆ. ಟೂ-ಸ್ಟ್ರೋಕಿನಲ್ಲಿ ಅದು ಕುಲುಮೆಯ ತಿದಿ. ಪಿಸ್ಟನ್ ಮೇಲೇರುವಾಗ ಆ ಕೋಣೆ ಪೆಟ್ರೋಲ್ ಬೆರೆತ ಗಾಳಿಯನ್ನು ರೀಡ್ ವಾಲ್ವ್ ಮೂಲಕ ಎಳೆದುಕೊಳ್ಳುತ್ತದೆ. ಪಿಸ್ಟನ್ ಇಳಿಯುವಾಗ ಅದನ್ನೇ ಅದುಮಿ ಸಿಲಿಂಡರಿನ ಪಕ್ಕದ ದಾರಿಗಳಿಂದ ಮೇಲಕ್ಕೆ ತಳ್ಳುತ್ತದೆ. ತಿದಿಯ ಚರ್ಮ ಹರಿದರೆ ಕುಲುಮೆ ಕೆಡುವಂತೆ ಆ ಕೋಣೆಗೆ ತೂತು ಬಿದ್ದರೂ ಎಂಜಿನ್ ಕೆಡುತ್ತದೆ. ಕ್ರ್ಯಾಂಕಿನ ಎರಡು ತುದಿಗಳು ಕೋಣೆಯಿಂದ ಹೊರಬರುವಲ್ಲಿ ಒಂದೊಂದು ರಬ್ಬರ್ ಸೀಲ್ ಇರುತ್ತದೆ. ಬಲಗಡೆ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದು ದಟ್ಟ ಬಿಳಿ ಹೊಗೆ ಬರುತ್ತದೆ. ಎಡಗಡೆ ಮ್ಯಾಗ್ನೆಟ್ ಬದಿಯದು ಹೋದರೆ ಹೊರಗಿನ ಗಾಳಿ ನುಗ್ಗುತ್ತದೆ. ಕಾರ್ಬೊರೇಟರ್ ದಾಟದೆ ಬಂದ ಆ ಗಾಳಿಯಲ್ಲಿ ಪೆಟ್ರೋಲ್ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ವಿಪರೀತ ಬಿಸಿಯಾಗಿ ಪ್ಲಗ್ ಬೆಳ್ಳಗಾಗುತ್ತದೆ, ವೇಗ ತಾನೇ ಏರುತ್ತದೆ. ಕೈ ಬಿಟ್ಟೇ ಇರುವುದರಿಂದ ಪಂಪು ಆಯಿಲನ್ನೂ ಕಡಿಮೆಯೇ ಕೊಡುತ್ತಿರುತ್ತದೆ. ವೇಗ ಹೆಚ್ಚು, ಪೆಟ್ರೋಲ್ ಕಡಿಮೆ, ಆಯಿಲ್ ಕಡಿಮೆ. ಹಾಗೇ ಓಡಿಸಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತಿತ್ತು. ಆ ಮೂರು ದಿನ ಅದು ಉಳಿದದ್ದು ನಾನು ಪೆಟ್ರೋಲಿಗೆ ಬೆರೆಸಿದ್ದ ಆಯಿಲಿನಿಂದ ಎಂದು ಈಗಲೂ ನಂಬಿದ್ದೇನೆ.

ಮೇಸ್ತ್ರಿಯವರು ಮ್ಯಾಗ್ನೆಟ್ ಎಳೆದು ತೆಗೆಯುವ ಪುಲ್ಲರನ್ನು ಎರಡು ದಿನಕ್ಕೆಂದು ಕೊಟ್ಟರು. “ಸುತ್ತಿಗೆ ಮುಟ್ಟಿಸಬೇಡ” ಎಂದಷ್ಟೇ ಹೇಳಿದರು. ಕವರಿನ ಸ್ಕ್ರೂಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆ, ಆದರೂ ಎರಡರ ತಲೆ ಸವೆಯಿತು. ನಟ್ ತೆಗೆದು ಪುಲ್ಲರ್ ಕೂರಿಸಿ ಬಿಗಿಸುತ್ತಾ ಹೋದೆ. ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ, ಆಮೇಲೆ ಟಣ್ ಎಂದು ಒಂದು ಸದ್ದು, ಮ್ಯಾಗ್ನೆಟ್ ಕೈಗೆ ಬಂತು. ಕ್ರ್ಯಾಂಕಿನ ಮೇಲಿನ ಅರ್ಧಚಂದ್ರದ ಪುಟ್ಟ ಕೀಯನ್ನು ಮೊದಲು ಬಟ್ಟಲಿಗೆ ಹಾಕಿದೆ. ಸೌದೆ ಹುಡಿಯಲ್ಲಿ ಬಿದ್ದರೆ ಅದು ಮತ್ತೆ ಸಿಗುವುದಿಲ್ಲ. ಕಾಯಿಲ್ ಪ್ಲೇಟ್ ತೆಗೆಯುವ ಮುನ್ನ ಪ್ಲೇಟಿಗೂ ಕೇಸಿಗೂ ಸೇರುವಂತೆ ಒಂದು ಗೀರು ಎಳೆದುಕೊಂಡೆ, ಅದೇ ಜಾಗಕ್ಕೆ ಕೂರಿಸಿದರೆ ಟೈಮಿಂಗ್ ತಪ್ಪುವುದಿಲ್ಲ.

ಪ್ಲೇಟಿನ ಹಿಂದೆ ಎಲ್ಲವೂ ಆಯಿಲಿನಿಂದ ಒದ್ದೆ, ಕರ್ರಗೆ. ಸೀಲನ್ನು ಕೊಕ್ಕೆಯಿಂದ ಎಬ್ಬಿಸಿ ತೆಗೆದೆ. ಮೃದುವಾಗಿ ಕ್ರ್ಯಾಂಕನ್ನು ತಬ್ಬಿಕೊಂಡಿರಬೇಕಾದ ಅದರ ತುಟಿ ಒಣ ಅಡಿಕೆ ಸಿಪ್ಪೆಯಂತೆ ಗಡುಸಾಗಿತ್ತು. ಉಗುರಿನಿಂದ ಒತ್ತಿದರೆ ಬಿರುಕು ಬಾಯಿ ತೆರೆಯುತ್ತಿತ್ತು. ತುಟಿ ಕೂರುವ ಜಾಗದಲ್ಲಿ ಕ್ರ್ಯಾಂಕಿನ ಸುತ್ತ ತುಕ್ಕಿನ ಒಂದು ತೆಳು ಬಳೆ. ಅದನ್ನು ಹಾಗೇ ಬಿಟ್ಟರೆ ಹೊಸ ಸೀಲೂ ಹರಿಯುತ್ತದೆ. ತೀರ ನಯವಾದ ಎಮರಿ ಕಾಗದಕ್ಕೆ ಆಯಿಲ್ ಹಚ್ಚಿ, ಹುಡಿ ಒಳಗೆ ಬೀಳದಂತೆ ಸುತ್ತಲೂ ಬಟ್ಟೆ ತುರುಕಿ, ಉಗುರಿಗೆ ತಡೆಯದಷ್ಟು ಉಜ್ಜಿದೆ. ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮುಖವನ್ನು ಒಳಗೆ ಮಾಡಿ, ಅದೇ ಅಳತೆಯ ಪೈಪ್ ತುಂಡಿನಿಂದ ಸಮನಾಗಿ ಒತ್ತಿ ಕೂರಿಸಿದೆ.

ಆ ಸಂಜೆ ಎಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿತು. ಕೈ ತಿರುಗಿಸಿ ಬಿಟ್ಟಾಗ ಸದ್ದು ಕೂಡಲೇ ಇಳಿಯಿತು. ಕ್ಲಚ್ ಬದಿಯ ಸೀಲಿಗೂ ಅಷ್ಟೇ ವಯಸ್ಸು. ಅದನ್ನು ಮುಂದಿನ ತಿಂಗಳು ಗ್ಯಾರೇಜಿನಲ್ಲಿ ಹಾಕಿಸಿದೆ. ಟಯರ್, ಬ್ರೇಕ್ ಶೂ, ಕೇಬಲ್, ಅವಧಿ ಮುಗಿದಿದ್ದ ಆರ್‌ಸಿಯ ನವೀಕರಣ ಇವುಗಳಿಗೆ ಎಂಜಿನ್ನಿಗಿಂತ ಹೆಚ್ಚು ದಿನ ಹಿಡಿಯಿತು.

ಮಳೆ ಬಿಟ್ಟ ಮೇಲೆ ಕುಮಟೆಗೆ ಹೊರಟೆ. ದೇವಿಮನೆಯಲ್ಲಿ ಬೈಕ್ ನಿಲ್ಲಿಸಿ ಕೈಮುಗಿದು ಘಾಟಿ ಇಳಿಯತೊಡಗಿದೆ. ಇಳಿಜಾರಿನಲ್ಲಿ ಕೈ ಪೂರ್ತಿ ಬಿಟ್ಟು ಗೇರಿನ ಮೇಲೆ ಇಳಿದರೆ ಮತ್ತದೇ ಲೆಕ್ಕ: ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ, ಪಂಪು ಆಯಿಲ್ ಕೊಡುವುದು ಮಾತ್ರ ಅಲ್ಪ. ಅದಕ್ಕೆ ಪ್ರತಿ ತಿರುವಿನ ಮೊದಲು ಕ್ಲಚ್ ಹಿಡಿದು ಒಂದು ಸಲ ಕೈ ತಿರುಗಿಸಿ ಬಿಡುತ್ತಿದ್ದೆ. ಹಿಂದಿನಿಂದ ಸಣ್ಣ ನೀಲಿ ಹೊಗೆ ಬಂದರೆ ಸಮಾಧಾನ. ಕತಗಾಲದಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಈ ಸಲ ಬೆಳ್ಳಗಿರಲಿಲ್ಲ, ಜೋನಿಬೆಲ್ಲದ ಬಣ್ಣ ಬಂದಿತ್ತು.

ಕುಮಟೆಯಲ್ಲಿ ಚಿಕ್ಕಪ್ಪ ಅಂಗಳಕ್ಕೆ ಇಳಿದು ಬಂದ. ಬೈಕನ್ನು ಒಂದು ಸುತ್ತು ಹಾಕಿ, ಸೀಟಿನ ಮೇಲೆ ಕೈಯಾಡಿಸಿ, ನನ್ನ ಕಡೆ ನೋಡದೆಯೇ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ.

“ಹೊರಡುವಾಗ ಎಷ್ಟಿತ್ತು?” ಎಂದು ಕೇಳಿದ.