ಫಾಯೆಂಜಾದ ಬೋಕಿ ನೋಡಿ ಕಲಿತ ಬಿಳಿ ಗ್ಲೇಜ್

ಮ್ಯೂಸಿಯಂ ಗಾಜಿನ ಆಚೆಗಿನ ಪಾತ್ರೆ ನೋಡಿ ಗ್ಲೇಜ್, ಅಂದ್ರೆ ಮಣ್ಣಿನ ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಕಲಿಯೋಕಾಗಲ್ಲ ಅಂದವರೇ ಹೆಚ್ಚು. ಆಗುತ್ತೆ. ಖಾನಾಪುರದ ಕೆಂಪು ಮಣ್ಣಿನ ಮೇಲೆ ನನ್ನ ತವರದ (ಟಿನ್) ಬಿಳಿ ಗ್ಲೇಜ್ ಈಗ ಬಿರುಕಿಲ್ಲದೆ ನಿಂತಿದೆ. ಅದಕ್ಕೆ ಕಾರಣ ಇಟಲಿಯ ಫಾಯೆಂಜಾದ ಅಂತರರಾಷ್ಟ್ರೀಯ ಸೆರಾಮಿಕ್ಸ್ ಮ್ಯೂಸಿಯಂ.

1908ರಲ್ಲಿ ಶುರುವಾಗಿ, 1944ರ ಬಾಂಬಿಗೆ ಸಿಕ್ಕಿ ಮತ್ತೆ ಎದ್ದ ಜಾಗವದು. ಚೀನಾ, ಪರ್ಷಿಯಾ, ಪಿಕಾಸೊ ತಟ್ಟೆಗಳು, ಎಲ್ಲ ಇವೆ. ಮೊದಲ ಸುತ್ತಿನಲ್ಲಿ ಬೇಗ ದಾಟಿಬಿಡಿ. ನಿಲ್ಲಬೇಕಾದ್ದು ಒಡೆದ ಚೂರುಗಳ ಮುಂದೆ. ಇಡೀ ತಟ್ಟೆ ಗ್ಲೇಜನ್ನಷ್ಟೇ ತೋರಿಸುತ್ತೆ, ಬೋಕಿಯ ಅಂಚು ಮಣ್ಣನ್ನೂ ತೋರಿಸುತ್ತೆ. ಹಳೆಯ ಮಜೋಲಿಕಾ (ತವರದ ಬಿಳಿ ಗ್ಲೇಜಿನ ಮೇಲೆ ಬಣ್ಣ ಬರೆದ ಇಟಲಿಯ ಪಾತ್ರೆ) ಚೂರಿನ ಒಡೆದ ಅಂಚು ಕೆಂಪಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣ. ಮಣ್ಣಲ್ಲಿ ಸುಣ್ಣವಿದೆ ಅಂತ ಅರ್ಥ. ಅಂಥ ಮಣ್ಣು ತಣಿಯುವಾಗ ಹೆಚ್ಚು ಕುಗ್ಗಿ ಗ್ಲೇಜನ್ನು ಬಿಗಿಹಿಡಿಯುತ್ತೆ, ಕೂದಲಬಿರುಕು ಬೀಳಲ್ಲ. ನಾವೆಲ್ಲ ಗ್ಲೇಜನ್ನೇ ತಿದ್ದುತ್ತ ವರ್ಷಗಟ್ಟಲೆ ಕಳೆಯುತ್ತೇವೆ, ತಿದ್ದಬೇಕಾದ್ದು ಮಣ್ಣು.

ಫೋಟೋಗೆ ಪೋಲರೈಸರ್ (ಪ್ರತಿಬಿಂಬ ತಗ್ಗಿಸುವ ಫಿಲ್ಟರ್) ಹಾಕಿ ಓರೆಯಾಗಿ ನಿಲ್ಲಿ, ನೇರ ನಿಂತರೆ ಗಾಜಿನ ಪ್ರತಿಬಿಂಬ ಹೋಗಲ್ಲ. ತಟ್ಟೆಯ ಒಳಗೆ ಮೂರು ಚುಕ್ಕೆ ಗಾಯ ಕಂಡರೆ ನಡುವೆ ಪುಟ್ಟ ಮುಕ್ಕಾಲಿ ಇಟ್ಟು ಒಂದರ ಮೇಲೊಂದು ಸುಟ್ಟದ್ದು.

ಮನೆಗೆ ಬಂದು ಮಣ್ಣಿಗೆ ಸೀಮೆಸುಣ್ಣದ (ಕ್ಯಾಲ್ಸಿಯಂ ಕಾರ್ಬೊನೇಟ್) ಪುಡಿ ಬೆರೆಸಿದೆ. ನೂರಕ್ಕೆ 10 ಹಾಕಿದ್ದು ಕುದಿನೀರು–ಐಸ್ ನೀರಿನ ಪರೀಕ್ಷೆಯಲ್ಲೇ ಬಿರುಕು ಬಿಟ್ಟಿತು. 25 ಹಾಕಿದರೆ ಕಂಠದ ಗ್ಲೇಜ್ ಉದುರುತ್ತೆ. ಸುಮಾರು 18ಕ್ಕೆ ಕೂತಿತು. ಜರಡಿ ಹಿಡಿಯದೆ ಸುಟ್ಟ ಒಂದು ಗೂಡಿನ ಪಾತ್ರೆ ಪೂರ್ತಿ ಹಾಳು: ಉಳಿದ ಸುಣ್ಣದ ಹರಳು ತೇವ ಕುಡಿದು ಉಬ್ಬಿ, ಎಂಟು ದಿನದ ಮೇಲೆ ಚಕ್ಕೆ ಸಿಡಿಸಿತು. 100 ಮೆಷ್ ಜರಡಿ (ಇಂಚಿಗೆ ನೂರು ಕಣ್ಣಿನದು) ತಪ್ಪಿಸಬೇಡಿ. ಬಿಸ್ಕ್ (ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ) 900 ಡಿಗ್ರಿಗೆ ನಿಲ್ಲಿಸಿದಾಗ ಗ್ಲೇಜ್ ತುಂಬ ಸೂಜಿರಂಧ್ರ, ಯಾಕೆಂದರೆ ಸುಣ್ಣದ ಗಾಳಿ ಇನ್ನೂ ಹೊರಡುತ್ತಿತ್ತು. ಈಗ ಬಿಸ್ಕ್ 1040, ಗ್ಲೇಜ್ 1020.

ಗ್ಲೇಜಿಗೆ ತವರದ ಆಕ್ಸೈಡ್ ನೂರಕ್ಕೆ 8. ಕಿಲೋಗೆ ನಾಲ್ಕು ಸಾವಿರದ ಹತ್ತಿರ ಕೊಟ್ಟ ನೆನಪು. ಅರ್ಧ ಜಿರ್ಕಾನ್ (ಬಿಳಿ ಕೊಡುವ ಇನ್ನೊಂದು ಖನಿಜದ ಪುಡಿ) ಹಾಕಿ ಉಳಿಸಬಹುದು, ಆದರೆ ಆ ಬಿಳಿ ಗಟ್ಟಿ, ಕೋಬಾಲ್ಟ್ ನೀಲಿ ಅದರಲ್ಲಿ ಮೆತ್ತಗೆ ಕರಗಲ್ಲ. ಕ್ರೋಮ್ ಹಸಿರಿನ ಪಾತ್ರೆ ಅದೇ ಗೂಡಲ್ಲಿಟ್ಟರೆ ತವರದ ಬಿಳಿಯು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಬೇಕೆಂದೇ ಎರಡು ಬಟ್ಟಲು ಹಾಗೆ ಸುಟ್ಟೆ, ಚೆಂದ ಬಂದವು.

ಬಣ್ಣ ಬರೆದ ಮೇಲೆ ಹಳಬರು ತೆಳ್ಳಗೆ ಹಚ್ಚುತ್ತಿದ್ದ ಪಾರದರ್ಶಕ ಗ್ಲೇಜ್ ಕೊಪೆರ್ತಾ. ಅವರದು ಸೀಸ, ನನ್ನದು ಸೀಸವಿಲ್ಲದ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು). ಅದಕ್ಕೆ ಸೇರಿಸುವ ಅಂಟಿನ ಅಳತೆ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.