ಡಬ್ಬಿಯ ಮುಚ್ಚಳದ ಸದ್ದು

2020ರ ಯುಗಾದಿಯ ಹಿಂದಿನ ರಾತ್ರಿ ಎಂಟು ಗಂಟೆಗೆ ಟೀವಿಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಾನು ಹೋಳಿಗೆಗೆಂದು ಕಡಲೆಬೇಳೆ ಅಳೆಯುತ್ತಿದ್ದೆ. ಮಗ ಚೀಲ ಹಿಡಿದು ಬೀದಿಕೊನೆಯ ಅಂಗಡಿಗೆ ಓಡಿದ. ಅರ್ಧ ಗಂಟೆಯ ಮೇಲೆ ಬಂದವನ ಚೀಲದಲ್ಲಿ ಅಕ್ಕಿಯಿಲ್ಲ, ಬೇಳೆಯಿಲ್ಲ. ಒಂದು ಡಜನ್ ಬಿಸ್ಕತ್ತಿನ ಪೊಟ್ಟಣ, ನೂಡಲ್ಸ್, ಒಂದು ಕಿಲೋ ಖಾರದ ಮಿಕ್ಸ್ಚರ್. ನಲವತ್ತು ದಾಟಿದ ಗಂಡಸು. ಹೆದರಿಕೆಯಾದಾಗ ದೊಡ್ಡವರ ಕೈಯೂ ಮಕ್ಕಳ ಕೈ ಹೋಗುವ ಕಡೆಗೇ ಹೋಗುತ್ತದೆ ಎಂದು ಆ ರಾತ್ರಿ ತಿಳಿಯಿತು.

ಮಕ್ಕಳ ಊಟದ ಬಗ್ಗೆ ಎಲ್ಲರೂ ಚಿಂತೆ ಮಾಡಿದರು. ನಮ್ಮ ಮನೆಯಲ್ಲಿ ಕೆಟ್ಟದ್ದು ದೊಡ್ಡವರ ಊಟ, ಅದೂ ಹೊತ್ತು ತಪ್ಪಿದ್ದರಿಂದ. ಮೊದಲು ಎಂಟೂವರೆಗೆ ಮಗ, ಸೊಸೆ ಇಬ್ಬರೂ ಬಸ್ಸು ಹಿಡಿಯಬೇಕಿತ್ತು. ಅಷ್ಟರೊಳಗೆ ತಿಂಡಿ ಮುಗಿಯುತ್ತಿತ್ತು. ಮನೆಯಿಂದಲೇ ಕಚೇರಿ ಕೆಲಸ ಎಂದಾದ ಮೇಲೆ ದೋಸೆ ಹನ್ನೊಂದಕ್ಕೆ, ಊಟ ಮೂರೂವರೆಗೆ, ರಾತ್ರಿಯದು ಹತ್ತೂವರೆಗೆ. ನಡುನಡುವೆ ಕಾಫಿ, ಒಂದು ದಿನ ಎಣಿಸಿದೆ, ಮಗನದೇ ಏಳು ಲೋಟ. ಪ್ರತಿ ಲೋಟಕ್ಕೂ ಒಂದೂವರೆ ಚಮಚ ಸಕ್ಕರೆ ಎಂದರೆ ನೀವೇ ಲೆಕ್ಕ ಹಾಕಿ. ಮೂರು ತಿಂಗಳಿಗೆ ಪ್ಯಾಂಟಿನ ಗುಂಡಿ ಹಾಕಲಾಗಲಿಲ್ಲ. ಮೀಟಿಂಗು ಲ್ಯಾಪ್‌ಟಾಪಿನಲ್ಲಿ, ಉಟ್ಟದ್ದು ಪಂಚೆ, ಹಾಗಾಗಿ ಅವನಿಗೆ ಗೊತ್ತಾಗುವುದೂ ತಡವಾಯಿತು.

ಹೇಳಿ ಸಾಕಾಗಿ ಒಂದು ಬೆಳಿಗ್ಗೆ ಎಂಟೂವರೆಗೆ ಅವರಿಬ್ಬರ ಹಳೆಯ ಸ್ಟೀಲ್ ಡಬ್ಬಿಗಳನ್ನು ತೆಗೆದು, ಕಚೇರಿಗೆ ಹೋಗುವಾಗ ಕಟ್ಟುತ್ತಿದ್ದಂತೆಯೇ ಅನ್ನ, ಹುಳಿ, ಪಲ್ಯ ತುಂಬಿ ಅವರವರ ಮೇಜಿನ ಪಕ್ಕ ಇಟ್ಟೆ. ಮನೆಯೊಳಗೇ ಬುತ್ತಿಯೇ ಎಂದು ನಕ್ಕರು. ಆದರೆ ಒಂದು ಗಂಟೆಗೆ ಮುಚ್ಚಳ ತೆರೆಯಿತು, ಡಬ್ಬಿ ಖಾಲಿಯಾದಾಗ ಊಟವೂ ಮುಗಿಯಿತು. ಪಾತ್ರೆಯಿಂದ ಬಡಿಸಿಕೊಳ್ಳುವಾಗ ಕೈಗೆ ಅಳತೆ ಇರುವುದಿಲ್ಲ, ಡಬ್ಬಿಗೆ ಇರುತ್ತದೆ. ಮನೆಯಲ್ಲೇ ಕುಳಿತು ದುಡಿಯುವವರು ಈಗಲೂ ಇದ್ದಾರಲ್ಲ, ಅವರ ಮನೆಯವರು ಇದನ್ನೊಂದು ಮಾಡಿ ನೋಡಬಹುದು.

ಕುರುಕಲಿನದು ಬೇರೆಯೇ ಕಥೆ. ಹೊರಗಿನ ತಿಂಡಿ ನಿಂತಿತೆಂದು ನಾನೇ ಕೊಡುಬಳೆ, ನಿಪ್ಪಟ್ಟು ಕರಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಪ್ಲಾಸ್ಟಿಕ್ ಜಾಡಿಯಲ್ಲಿಟ್ಟರೆ ರಾತ್ರಿ ಹನ್ನೊಂದರ ಮೇಲೆ ಸದ್ದಿಲ್ಲದೆ ಕರಗುತ್ತಿತ್ತು. ಅಟ್ಟದ ಮೇಲಿದ್ದ ನನ್ನ ಅತ್ತೆಯವರ ಕಾಲದ ಡಬ್ಬಿಯನ್ನು ಇಳಿಸಿ ಅದಕ್ಕೆ ಸುರಿದೆ. ಅದರ ಮುಚ್ಚಳ ಬಿಗಿ. ಕಿತ್ತರೆ ‘ಟಣ್’ ಎಂದು ಮೂರು ಕೋಣೆಗೂ ಕೇಳುತ್ತದೆ. ಮಗ ಎರಡು ರಾತ್ರಿ ಸಿಕ್ಕಿಬಿದ್ದ. ಮೂರನೆಯ ರಾತ್ರಿ ಸದ್ದಾದಾಗ ಸೊಸೆ ದೀಪ ಹಾಕಿದಳು, ಡಬ್ಬಿಗೆ ಕೈ ಹಾಕಿ ನಿಂತವಳು ನಾನಾಗಿದ್ದೆ. ಆ ದಿನಗಳಲ್ಲಿ ನಿದ್ದೆ ಬಾರದವರೆಲ್ಲ ಅಡುಗೆಮನೆಗೇ ನಡೆಯುತ್ತಿದ್ದೆವು. ಹೊಟ್ಟೆ ಹಸಿದದ್ದೋ ಮನಸ್ಸು ಹೆದರಿದ್ದೋ ಎಂದು ನೋಡಬೇಕಾದರೆ ಒಂದು ದೊಡ್ಡ ಲೋಟ ನೀರುಮಜ್ಜಿಗೆ ಕುಡಿದು ಹತ್ತು ನಿಮಿಷ ಕೂರಿ. ಆಮೇಲೂ ಹಸಿವಿದ್ದರೆ ಮೊಸರನ್ನ ತಿನ್ನಿ, ತಪ್ಪಿಲ್ಲ.

ಕೂಡಿಡುವ ಚಟವೂ ಆಗಲೇ ಬಂತು. 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಮುಚ್ಚಿದಾಗ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಜನ ತೊಗರಿಬೇಳೆಯನ್ನು ಐದು, ಹತ್ತು ಕಿಲೋ ಹೊತ್ತು ತಂದು ಮಳೆಗಾಲಕ್ಕೆ ಹುಳುವಿಗೆ ಕೊಟ್ಟರು. ತಂದ ಬೇಳೆಯನ್ನು ಒಂದು ಬಿಸಿಲು ಒಣಗಿಸಿ, ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿ ತುಂಬಿಡಿ. ರವೆಯನ್ನು ಬೆಚ್ಚಗೆ ಹುರಿದು ಆರಿಸಿ ಇಡಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಇನ್ನು ಸೊಪ್ಪು ಸಿಗದಿದ್ದರೆ ಹಳೆಯ ಬಾಂಡಲಿಗೆ ಮಣ್ಣು ತುಂಬಿ ಒಂದು ಹಿಡಿ ಮೆಂತ್ಯ ಬಿತ್ತಿ. ಹತ್ತು ಹನ್ನೆರಡು ದಿನಕ್ಕೆ ಎಳೆಸೊಪ್ಪು ಕೊಯ್ಯಬಹುದು. ಹುರುಳಿಕಾಳು ಎರಡು ದಿನದಲ್ಲಿ ಮೊಳಕೆ ಬರುತ್ತದೆ. ಆ ಎರಡು ವರ್ಷ ನಮ್ಮ ಮನೆಯಲ್ಲಿ ತರಕಾರಿ ಕಡಿಮೆಯಾಗಿ ಕಾಳು ಹೆಚ್ಚಾಯಿತು, ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಎದುರುಮನೆಯಾಕೆ ಹುರುಳಿಕಾಯಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪಲ್ಯಕ್ಕಿಟ್ಟಳು. ಬಾಣಲೆಯಲ್ಲಿ ನೊರೆ ಬಂತು. ತರಕಾರಿಗೆ ಒಳ್ಳೆಯ ನೀರು ಸಾಕು, ಸೋಪು ಕೈಗೆ.

ಕಷಾಯದ ಬಗ್ಗೆಯೂ ಒಂದು ಮಾತು. 2020ರ ಮಾರ್ಚ್ ಕೊನೆಯಲ್ಲಿ ಆಯುಷ್ ಸಚಿವಾಲಯ ಹೇಳಿದ್ದು ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿ, ಒಣದ್ರಾಕ್ಷಿಯ ಕಷಾಯ, ಅದೂ ದಿನಕ್ಕೆ ಒಂದೆರಡು ಸಲ. ನಮ್ಮ ಮನೆಯವರು ಬೆಲ್ಲ ಹಾಕಿಸಿಕೊಂಡು ಐದು ಸಲ ಕುಡಿದರು. ವಾರಕ್ಕೆ ಬಾಯಿಹುಣ್ಣು, ಎದೆಯುರಿ. ಸಕ್ಕರೆ ಕಾಯಿಲೆ ಬೇರೆ ಇತ್ತು. ಬೆಲ್ಲ ಸಕ್ಕರೆಯಲ್ಲ ಎಂದು ಅವರಿಗೆ ಯಾರು ಹೇಳಿದರೋ ಕಾಣೆ. ಲೋಟಕ್ಕೆ ಮೂರು ಕಾಳುಮೆಣಸು ಸಾಕು, ದಿನಕ್ಕೆ ಒಂದು ಲೋಟ.

ಸೊಸೆಗೆ ಸೋಂಕು ತಗುಲಿದಾಗ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ವಾಸನೆ ಮಾತ್ರ ಹೋಗಿಯೇ ಬಿಟ್ಟಿತ್ತು. ಇಂಗಿನ ಒಗ್ಗರಣೆಯ ಸೌಟನ್ನು ಬಾಗಿಲ ಬಳಿ ಹಿಡಿದರೂ ಏನೂ ಇಲ್ಲ. ಅನ್ನ ಹತ್ತಿಯಂತಿದೆ ಎಂದು ತಟ್ಟೆ ತಳ್ಳುತ್ತಿದ್ದಳು, ಇಲ್ಲವೇ ಉಪ್ಪಿನ ಮೇಲೆ ಉಪ್ಪು ಸುರಿದುಕೊಳ್ಳುತ್ತಿದ್ದಳು. ಅಂಥವರ ತಟ್ಟೆಯ ಬಳಿ ಉಪ್ಪು ಇಡಬೇಡಿ. ಮೂಗು ಹೋದರೂ ನಾಲಗೆಗೆ ಹುಳಿ ತಿಳಿಯುತ್ತದೆ, ಹಲ್ಲಿಗೆ ಗರಿಗರಿ ತಿಳಿಯುತ್ತದೆ. ನಿಂಬೆಹಣ್ಣಿನ ಸಾರು, ನೆಲ್ಲಿಕಾಯಿ ತಂಬುಳಿ, ಸೌತೆಕಾಯಿ ಕೋಸಂಬರಿ, ಕೆಂಡದಲ್ಲಿ ಸುಟ್ಟ ಹಪ್ಪಳ (ಗ್ಯಾಸಿನ ಉರಿಯೂ ಆದೀತು), ಇವು ಒಳಗೆ ಹೋದವು. ಹೆಸರುಬೇಳೆ ಗಂಜಿಯನ್ನು ಎರಡು ಗಂಟೆಗೊಮ್ಮೆ ಒಂದೊಂದು ಬಟ್ಟಲು ಕೊಟ್ಟೆ. ತಟ್ಟೆ ತುಂಬ ಕಂಡರೆ ನಿತ್ರಾಣದವರಿಗೆ ವಾಕರಿಕೆ ಬರುತ್ತದೆ. ವಾಸನೆ ತಿಳಿಯದವರನ್ನು ಒಲೆಯ ಮುಂದೆ ಒಬ್ಬರನ್ನೇ ಬಿಡಬೇಡಿ, ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ. ಹಿಂದಿನ ದಿನದ ಹುಳಿಯನ್ನು ಬೇರೆಯವರು ಮೂಸಿ ನೋಡಿಯೇ ಕೊಡಬೇಕು.

ಕೋಣೆಯಿಂದ ಹೊರಗೆ ಬಂದ ಮೇಲೂ ದಿನಾ ಬೆಳಿಗ್ಗೆ ಕಾಫಿಪುಡಿಯ ಡಬ್ಬಿ ಮೂಗಿಗೆ ಹಿಡಿದು ತಲೆಯಾಡಿಸಿ ಕೆಳಗಿಡುತ್ತಿದ್ದಳು. ಇಪ್ಪತ್ತನೆಯ ದಿನವಿರಬೇಕು, ನಾನು ಒಲೆಯ ಮೇಲೆ ಹಾಲಿಟ್ಟು ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದೆ. ಕೆಳಗಿನಿಂದ ಅವಳ ಕೂಗು: “ಅಮ್ಮಾ, ಹಾಲು ಸೀದ ವಾಸನೆ!” ಅಷ್ಟರಲ್ಲಿ ಅರ್ಧ ಲೀಟರ್ ಹಾಲು ತಳ ಹಿಡಿದು ಕರಿಕಾಗಿತ್ತು. ಪಾತ್ರೆಗೆ ನೀರು, ಉಪ್ಪು, ಒಂದು ಉಂಡೆ ಹುಣಸೆಹಣ್ಣು ಹಾಕಿ ಕುದಿಸಿ ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ತೆಂಗಿನ ನಾರಿನಲ್ಲಿ ಉಜ್ಜಿದರೆ ಸಲೀಸಾಗಿ ಎದ್ದು ಬಂತು.